ಸೋರುವ ಸೂರಿಗೆ ಸಂಘ ಹೊಣೆಯೇ?

ಕೊರಟಗೆರೆಯ ಸಹೋದರಿಗೆ,

ಶೀಟು ಹಾಕಿದ ಗುತ್ತಿಗೆದಾರ ಫೋನ್ ಎತ್ತುತ್ತಿಲ್ಲ, ಅವರ ಸಂಘದವರು 'ನೋಡೋಣ' ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಸಂಘದ ಬಾಗಿಲಲ್ಲಿ ಇನ್ನು ಕಾಯಬೇಡಿ, ತಾಯಿ. ಅದು ಸದಸ್ಯರು ತಮ್ಮ ಹಿತಕ್ಕೆ ಕಟ್ಟಿಕೊಂಡ ಕೂಟ. ಹೆಚ್ಚೆಂದರೆ ರಾಜಿ ಮಾಡಿಸೀತು, ಸದಸ್ಯತ್ವ ರದ್ದು ಮಾಡೀತು. ಹಣ ಕೊಡಿಸುವ ಕಾನೂನುಬದ್ಧ ಅಧಿಕಾರ ಅದಕ್ಕಿಲ್ಲ.

ಆ ಅಧಿಕಾರ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟುವ ಕೆಲಸವೂ 'ಸೇವೆ'ಯೇ. ಕೊಟ್ಟ ಹಣ 5 ಲಕ್ಷ ದಾಟದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆದರೆ 2 ವರ್ಷದೊಳಗೆ ದೂರು ಸಲ್ಲಿಸಬೇಕು. ಸಂಘಕ್ಕಾಗಿ ಕಾದ ದಿನಗಳನ್ನು ಯಾರೂ ವಾಪಸ್ ಕೊಡುವುದಿಲ್ಲ. ಮಧುಗಿರಿ, ಪಾವಗಡದ ಗಡಿ ಊರಿನವರೂ ಕೇಳಿಸಿಕೊಳ್ಳಿ: ಕೆಲಸದವರು ಆಂಧ್ರದ ಕಡೆಯವರಾದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು.

ಇನ್ನು ಸಾಕ್ಷಿ. ಮಳೆ ಕಡಿಮೆಯಿರುವ ಶಿರಾ, ಪಾವಗಡದ ಕಡೆ ಕಳಪೆ ಕೆಲಸ ತಿಂಗಳುಗಟ್ಟಲೆ ಬಯಲಾಗುವುದೇ ಇಲ್ಲ, ಅಷ್ಟರಲ್ಲಿ ಪೂರ್ತಿ ಹಣ ಕೈ ದಾಟಿರುತ್ತದೆ! ಹಾಗಾಗಿ ಸೋರುತ್ತಿರುವಾಗಲೇ ವಿಡಿಯೊ ಮಾಡಿಕೊಳ್ಳಿ. ರಸೀದಿ ಇಲ್ಲವೆಂದು ಹೆದರಬೇಡಿ. ಯುಪಿಐ ವಿವರ, ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸದೆ ಇಡಿ. ರಿಪೇರಿಗೆ ಮುಂಚೆ ಬೇರೊಬ್ಬ ಸಿವಿಲ್ ಎಂಜಿನಿಯರ್‌ಗೆ ಇಳಿಜಾರು, ಬೋಲ್ಟಿನ ವಾಷರ್, ಶೀಟಿನ ಮೇಲೆ ಶೀಟು ಕೂತಿರುವ ಅಳತೆ ತೋರಿಸಿ, ಅಭಿಪ್ರಾಯ ಬರೆಸಿಕೊಳ್ಳಿ. ದೋಷ ಶೀಟಿನದೇ ಆಗಿದ್ದರೆ ಮಾರಿದ ಅಂಗಡಿಯನ್ನೂ ಕಂಪನಿಯನ್ನೂ ದೂರಿಗೆ ಸೇರಿಸಿ.

ಮೊದಲು ಸ್ಪೀಡ್ ಪೋಸ್ಟ್‌ನಲ್ಲಿ 15 ದಿನ ಗಡುವಿನ ನೋಟಿಸ್ ಕಳಿಸಿ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಆಮೇಲೂ ಜಗ್ಗದಿದ್ದರೆ ಆಯೋಗ. ಓಡಾಟ ಕಷ್ಟವಾದರೆ ವಿಡಿಯೊ ಮೂಲಕ ವಿಚಾರಣೆಗೆ ಅರ್ಜಿ ಕೊಡಲು ಕಾಯ್ದೆಯಲ್ಲೇ ಅವಕಾಶವಿದೆ.