ಸೂಕ್ಷ್ಮದರ್ಶಕ: ಬಳಸುವ ಕ್ರಮ ಮತ್ತು ಮಳೆಗಾಲದ ಜೋಪಾನ

ನಮ್ಮ ವಾಚನಾಲಯಕ್ಕೆ ಸಂಜೆ ಓದಲು ಬರುವ ಹುಡುಗರಲ್ಲಿ ಇಬ್ಬರು ಮೂವರು ಪ್ರಯೋಗಶಾಲೆಯ ತಂತ್ರಜ್ಞರ ಪರೀಕ್ಷೆಗೆ ಕಟ್ಟಿದವರು. ಅವರಲ್ಲೊಬ್ಬ ಹಿಂದಿನ ತಿಂಗಳು ನನ್ನ ಬಳಿ ಬಂದು, "ಹತ್ತರ ಮಸೂರದಲ್ಲಿ ಎಲ್ಲವೂ ಸ್ಪಷ್ಟವಾಗಿದೆ, ನಲವತ್ತಕ್ಕೆ ತಿರುಗಿಸಿದೊಡನೆ ಮಂಜು ಕವಿದಂತಾಗುತ್ತದೆ. ನನ್ನ ಕಣ್ಣೇ ಕೆಟ್ಟಿದೆಯೋ ಏನೋ" ಎಂದ. ಕಣ್ಣಿಗೇನೂ ಆಗಿರಲಿಲ್ಲ. ಮೂವತ್ತು ವರ್ಷ ಈ ಉಪಕರಣದ ಮುಂದೆ ಕುಳಿತವನಾದುದರಿಂದ, ಅಂದು ಅವನಿಗೆ ಹೇಳಿದುದನ್ನೇ ಉಳಿದವರಿಗೂ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಸೂಕ್ಷ್ಮದರ್ಶಕದಲ್ಲಿ ಎರಡು ಕಡೆ ಮಸೂರಗಳಿವೆ. ನೋಡುವ ವಸ್ತುವಿನ ಸಮೀಪದಲ್ಲಿರುವುದು ವಸ್ತುಮಸೂರ, ಕಣ್ಣಿನ ಬಳಿಯದು ಕಣ್ಮಸೂರ. ಎರಡರ ಮೇಲೆ ಕೆತ್ತಿದ ಅಂಕಿಗಳನ್ನು ಗುಣಿಸಿದರೆ ವಸ್ತು ಎಷ್ಟು ಪಟ್ಟು ಹಿರಿದಾಗಿ ಕಾಣುವುದೆಂದು ತಿಳಿಯುತ್ತದೆ. 10ರ ಕಣ್ಮಸೂರಕ್ಕೆ 40ರ ವಸ್ತುಮಸೂರ ಸೇರಿದರೆ 400 ಪಟ್ಟು. ಆದರೆ ಹಿರಿದಾಗಿ ತೋರಿಸುವುದಷ್ಟೇ ಇದರ ಗುಣವಲ್ಲ. ಒತ್ತೊತ್ತಾಗಿರುವ ಎರಡು ಚುಕ್ಕೆಗಳನ್ನು ಎರಡಾಗಿಯೇ ತೋರಿಸಬೇಕು. ಈ ಸಾಮರ್ಥ್ಯಕ್ಕೆ ಬೆಳಕೇ ಒಂದು ಎಲ್ಲೆ ಹಾಕಿದೆಯೆಂದು ಜರ್ಮನಿಯ ಅರ್ನ್ಸ್ಟ್ ಅಬ್ಬೆ 1873ರಲ್ಲಿ ತೋರಿಸಿಕೊಟ್ಟರು. ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಆ ಎಲ್ಲೆ ಸುಮಾರು 0.2 ಮೈಕ್ರಾನ್, ಎಂದರೆ ಮಿಲಿಮೀಟರಿನ ಐದು ಸಾವಿರದಲ್ಲೊಂದು ಪಾಲು. ಬೆಳಕನ್ನು ಸರಿಯಾಗಿ ಹೊಂದಿಸದಿದ್ದರೆ ಅಷ್ಟೂ ದಕ್ಕದು.

ಕನ್ನಡಿಯುಳ್ಳ ಹಳೆಯ ಉಪಕರಣವಾದರೆ, ವೇದಿಕೆಯ ಕೆಳಗೆ ಕಂಡೆನ್ಸರ್ ಇರುವಾಗ ಕನ್ನಡಿಯ ಸಪಾಟು ಮುಖವನ್ನೂ, ಇಲ್ಲದಿರುವಾಗ ತಗ್ಗು ಮುಖವನ್ನೂ ಬಳಸಬೇಕು. ನೇರ ಬಿಸಿಲನ್ನು ಎಂದಿಗೂ ಒಳಗೆ ತಿರುಗಿಸಕೂಡದು, ಕಣ್ಣಿಗೆ ಅಪಾಯ. ಬೆಳಕಿನ ಬಾಗಿಲಾದ ಡಯಾಫ್ರಂ ಎಷ್ಟು ತೆರೆದಿರಬೇಕೆಂಬುದಕ್ಕೆ ಸುಲಭವಾದ ಉಪಾಯವೊಂದಿದೆ. ವಸ್ತು ಸ್ಪಷ್ಟವಾಗಿ ಕಂಡ ಮೇಲೆ ಕಣ್ಮಸೂರವನ್ನು ಹೊರತೆಗೆದು ಕೊಳವೆಯೊಳಗೆ ಇಣುಕಿ ನೋಡಿ. ತಳದಲ್ಲಿ ಕಾಣುವ ಬೆಳಕಿನ ವೃತ್ತದ ಮುಕ್ಕಾಲು ಭಾಗ ತುಂಬಿರುವಂತೆ ಬಾಗಿಲನ್ನು ಹೊಂದಿಸಿ. ಬೆಳಕು ಹೆಚ್ಚಾಯಿತೆಂದು ಕಂಡೆನ್ಸರನ್ನೇ ಕೆಳಗಿಳಿಸುವ ದುರಭ್ಯಾಸ ಬಹಳ ಮಂದಿಗಿದೆ. ದೀಪವನ್ನು ಕಡಿಮೆ ಮಾಡಬೇಕೇ ಹೊರತು ಅದನ್ನು ಮಾಡಬಾರದು.

ನೋಡುವಾಗ ಸಣ್ಣ ಅಂಕಿಯ ಮಸೂರದಿಂದಲೇ ಆರಂಭಿಸತಕ್ಕದ್ದು. ಪಕ್ಕದಿಂದ ನೋಡುತ್ತ ಮಸೂರವನ್ನೂ ಗಾಜನ್ನೂ ಹತ್ತಿರ ತನ್ನಿ. ಬಳಿಕ ಕಣ್ಣಿಟ್ಟು, ಎರಡನ್ನೂ ದೂರ ಸರಿಸುತ್ತ ಮಾತ್ರ ಚಿತ್ರವನ್ನು ಹುಡುಕಿ. ಕಣ್ಣಿಟ್ಟುಕೊಂಡು ಹತ್ತಿರ ತರುವವನು ಒಂದಲ್ಲ ಒಂದು ದಿನ ಗಾಜನ್ನು ಒಡೆಯುತ್ತಾನೆ. 40ರ ಮಸೂರಕ್ಕೂ ಮೇಲ್ಗಾಜಿಗೂ ನಡುವೆ ಅರ್ಧ ಮಿಲಿಮೀಟರಿನಷ್ಟೇ ಎಡೆ. 100ರದಕ್ಕೆ ಅದರ ಕಾಲು ಭಾಗವೂ ಇಲ್ಲ. ಆದುದರಿಂದ ಇವೆರಡರಲ್ಲಿ ಸಣ್ಣ ತಿರುಪನ್ನಲ್ಲದೆ ದೊಡ್ಡ ತಿರುಪನ್ನು ಮುಟ್ಟಬಾರದು. ಅಭ್ಯಾಸಕ್ಕೆ ಈರುಳ್ಳಿಯ ಒಳಪೊರೆ ಸಾಕು. ಒಂದು ಹನಿ ನೀರಿನಲ್ಲಿಟ್ಟು ಮೇಲ್ಗಾಜನ್ನು ಓರೆಯಾಗಿ ಇಳಿಸಿ. ನೇರವಾಗಿ ಹಾಕಿದರೆ ಗಾಳಿಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ. ಕಪ್ಪಂಚಿನ ಆ ದುಂಡು ಗುಳ್ಳೆಗಳನ್ನೇ ಜೀವಕೋಶಗಳೆಂದು ಬಗೆದು ಅಂದವಾಗಿ ಚಿತ್ರ ಬರೆದವರನ್ನು ನಾನು ಕಂಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

100ರ ಮಸೂರಕ್ಕೆ ಎಣ್ಣೆ ಏಕೆ? ಗಾಜಿನಿಂದ ಗಾಳಿಗೆ ಬರುವ ಬೆಳಕು ಹೊರಕ್ಕೆ ಬಾಗಿ ಚದರಿಹೋಗುತ್ತದೆ. ಬೆಳಕನ್ನು ಬಾಗಿಸುವ ಗುಣದಲ್ಲಿ ಗಾಜಿನ ಅಂಕ ಸುಮಾರು 1.52, ಈ ಎಣ್ಣೆಯದು 1.515, ಗಾಳಿಯದು 1. ನಡುವೆ ಎಣ್ಣೆಯಿದ್ದರೆ ಬೆಳಕಿಗೆ ಗಾಜು ಮುಗಿದುದೇ ತಿಳಿಯುವುದಿಲ್ಲ. ಚದರಬೇಕಾಗಿದ್ದ ಕಿರಣಗಳೂ ಮಸೂರವನ್ನು ಸೇರುತ್ತವೆ. ಇಷ್ಟು ಉಪಕಾರ ಮಾಡುವ ಎಣ್ಣೆಯೇ ಕೆಲಸ ಮುಗಿದ ಮೇಲೆ ಒರೆಸದಿದ್ದರೆ ಶತ್ರುವಾಗುತ್ತದೆ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತು. ಕ್ಷಯದ ಶಂಕೆಯಿದ್ದವರ ಕಫದ ಗಾಜುಗಳನ್ನು ನೋಡುತ್ತಿದ್ದೆ. ಬಣ್ಣ ಹಾಕಿದ ಬಳಿಕ ಕ್ಷಯದ ದಂಡಾಣುಗಳು ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳಂತೆ ಕಾಣುತ್ತವೆ. ಒಂದೊಂದರ ಉದ್ದ ಕೆಲವೇ ಮೈಕ್ರಾನ್. ಇಲ್ಲವೆಂದು ಬರೆಯುವ ಮೊದಲು 100 ನೋಟಗಳನ್ನಾದರೂ ನೋಡಬೇಕೆಂಬುದು ನಿಯಮ. ನಾನು ನೂರನ್ನೂ ಎಣಿಸಿ "ಇಲ್ಲ" ಎಂದು ಬರೆದೆ. ಹಿರಿಯ ಸಹೋದ್ಯೋಗಿಯೊಬ್ಬರು ಬಂದು ಕಣ್ಣಿಟ್ಟರು, ಮಾತಾಡಲಿಲ್ಲ. ಮಸೂರವನ್ನು ಬಿಚ್ಚಿ ಒರೆಸಿ ಮತ್ತೆ ಜೋಡಿಸಿದರು. ಹತ್ತು ನೋಟಗಳೊಳಗೆ ಮೂರು ಕೆಂಪು ಕಡ್ಡಿಗಳು! ಹಿಂದಿನ ದಿನದ ಎಣ್ಣೆ ಒಣಗಿ ಪೊರೆಗಟ್ಟಿತ್ತು. ಆ ಕಫ ಕೊಟ್ಟಾಕೆ ಎರಡು ಮಕ್ಕಳ ತಾಯಿ. ವರದಿ ಇನ್ನೂ ನನ್ನ ಮೇಜಿನ ಮೇಲೆಯೇ ಇತ್ತೆಂಬುದೊಂದೇ ಸಮಾಧಾನ. ಇದಕ್ಕೆ ತಿರುಗುಮುರುಗಾದ ತಪ್ಪೂ ಉಂಟು. ಎಣ್ಣೆಯ ಕಡ್ಡಿಯನ್ನು ಗಾಜಿಗೆ ತಾಗಿಸಿದರೆ ಒಬ್ಬರ ದಂಡಾಣು ಇನ್ನೊಬ್ಬರ ಗಾಜಿಗೆ ಹೋಗಿ, ರೋಗವಿಲ್ಲದವನು ರೋಗಿಯಾಗುತ್ತಾನೆ. ಹನಿ ಮೇಲಿನಿಂದಲೇ ಬೀಳಬೇಕು.

ಕೊಳೆ ಎಲ್ಲಿದೆಯೆಂದು ಪತ್ತೆಮಾಡುವುದು ಹೀಗೆ. ಕಣ್ಮಸೂರವನ್ನು ತಿರುಗಿಸಿದಾಗ ಕಲೆಯೂ ತಿರುಗಿದರೆ ಅದು ಅಲ್ಲಿದೆ. ಗಾಜನ್ನು ಸರಿಸಿದಾಗ ಸರಿದರೆ ಗಾಜಿನ ಮೇಲಿದೆ. ಕಲೆಯೇ ಇಲ್ಲದೆ ಬರಿಯ ಮಬ್ಬು ಕವಿದಿದ್ದರೆ ವಸ್ತುಮಸೂರವನ್ನು ಶಂಕಿಸಬೇಕು. ಕಣ್ಮಸೂರವನ್ನು ತಲೆಕೆಳಗಾಗಿ ಹಿಡಿದರೆ ಅದೇ ಭೂತಕನ್ನಡಿ. ಅದರಿಂದ ವಸ್ತುಮಸೂರದ ತುದಿಯನ್ನು ಪರೀಕ್ಷಿಸಬಹುದು.

ಒರೆಸುವ ಮುನ್ನ ರಬ್ಬರಿನ ಬುರುಡೆಯಿಂದ ಗಾಳಿಯೂದಿ ಧೂಳು ಹಾರಿಸಬೇಕು, ಇಲ್ಲವಾದರೆ ಧೂಳಿನ ಹರಳೇ ಗಾಜನ್ನು ಗೀರುತ್ತದೆ. ಅನಂತರ ಮಸೂರದ ಕಾಗದವೇ ಆಗಬೇಕು; ಅಂಗಿಯ ತುದಿ, ಪಂಚೆಯ ಸೆರಗು ಸಲ್ಲದು. ಒಣಗಿದ ಎಣ್ಣೆಗೆ ತಯಾರಕರು ಹೇಳಿದ ದ್ರವವನ್ನು ಕಾಗದಕ್ಕೆ ಸೋಕಿಸಿ ಒರೆಸಿ, ಕೂಡಲೇ ಒಣ ಕಾಗದದಿಂದ ತೆಗೆಯಿರಿ. ಕ್ಸೈಲೀನ್ ಹೆಚ್ಚಾದರೆ ಮಸೂರಗಳನ್ನು ಕೂಡಿಸಿರುವ ಅಂಟೇ ಸಡಿಲಾಗುವ ಭಯವಿದೆ.

ಮುಂಬಯಿಯಲ್ಲಿರುವ ನಮಗೆ ಇನ್ನೂ ದೊಡ್ಡ ಪೀಡೆ ಮಳೆಗಾಲ. ತೇವ, ಕತ್ತಲೆ, ಮುಚ್ಚಿದ ಪೆಟ್ಟಿಗೆ ಇಷ್ಟು ಸೇರಿದರೆ ಮಸೂರದ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬುತ್ತದೆ. ಅದು ಒಸರುವ ಆಮ್ಲ ಗಾಜಿನ ಲೇಪವನ್ನು ಕೊರೆದ ಮೇಲೆ ಒರೆಸಿ ಫಲವಿಲ್ಲ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು, ನೀಲಿ ಹರಳು ನಸುಗೆಂಪಾದಾಗ ಬಿಸಿಮಾಡಿ ಮತ್ತೆ ಇಡಬೇಕು. ಹಿಂದೆ ನಾವು ಬೀರುವಿನೊಳಗೆ ಸಣ್ಣ ದೀಪವೊಂದನ್ನು ಸದಾ ಉರಿಸುತ್ತಿದ್ದೆವು. ಈಗಿನ ಎಲ್.ಇ.ಡಿ. ದೀಪ ಹಾಕಿ "ಬೂಷ್ಟು ಬಂತಲ್ಲ" ಎನ್ನುವವರಿದ್ದಾರೆ. ಅದರಲ್ಲಿ ಬೆಳಕುಂಟು, ಬೇಕಾದಷ್ಟು ಬಿಸಿಯಿಲ್ಲ.

ನಮ್ಮ ಹವೆ ಈ ಉಪಕರಣವನ್ನು ಕಾಡುವುದು ಹೊಸತಲ್ಲ. ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡ ರೊನಾಲ್ಡ್ ರಾಸ್, ತಮ್ಮ ಬೆವರಿನಿಂದ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವೆಂದೂ, ಉಳಿದಿದ್ದ ಒಂದೇ ಕಣ್ಮಸೂರ ಬಿರುಕುಬಿಟ್ಟಿತ್ತೆಂದೂ ಬರೆದಿದ್ದಾರೆ. ಅವರಿಗೆ 1902ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಬಿರುಕು ಗಾಜಿನಲ್ಲೂ ಅವರು ಕಂಡರೆಂದು ನಾವು ತುಕ್ಕನ್ನು ಬಿಟ್ಟುಕೊಳ್ಳಬೇಕಿಲ್ಲ, ಕೈಯೊರೆಸಿಕೊಂಡು ಮುಟ್ಟಿದರಾಯಿತು.

ಇನ್ನು ಆ ಹುಡುಗನ ಮಂಜು. ಗಾಜನ್ನು ತಲೆಕೆಳಗಾಗಿ ಇಟ್ಟರೂ 40ರಲ್ಲಿ ಚಿತ್ರ ಮೂಡದು. ಅದನ್ನು ಮೊದಲು ನೋಡಿಕೊಳ್ಳಲು ಹೇಳಿದೆ. ಗಾಜು ಸರಿಯಾಗಿಯೇ ಇತ್ತಂತೆ. ಯಾರೋ 100ರಲ್ಲಿ ಎಣ್ಣೆ ಹಾಕಿ ನೋಡಿ, ಹಾಗೆಯೇ 40ನ್ನು ಹಿಂದಕ್ಕೆ ತಿರುಗಿಸಿದ್ದರು. ಅದರ ಮೂತಿ ಎಣ್ಣೆಯಲ್ಲಿ ಅದ್ದಿ ಒಣಗಿತ್ತು. ಮೂರು ಕಾಗದಗಳಲ್ಲಿ ಮಂಜು ಹರಿಯಿತೆಂದು ಮರುವಾರ ಬಂದು ಹೇಳಿದ. ಬೇರೆಯವರಿಗೂ ಇಂತಹ ತೊಡಕಿದ್ದರೆ ವಾಚನಾಲಯದ ಪೆಟ್ಟಿಗೆಯಲ್ಲಿ ಚೀಟಿ ಹಾಕಿರಿ. ಶನಿವಾರ ಸಂಜೆ ನಾನು ಪತ್ರಿಕೆಗಳ ಮೇಜಿನ ಬಳಿಯೇ ಇರುತ್ತೇನೆ.