ಡಿವೋರ್ಸ್ ಆದರೆ ದುಡ್ಡಿನ ಲೆಕ್ಕ ಹೇಗೆ? ಜರ್ಮನಿಯ ಒಂದು ಪಾಠ

ಕಳೆದ ಚಳಿಗಾಲದಲ್ಲಿ ಪರಿಚಯದ ಅಕ್ಕ ಒಬ್ಬರ ಜೊತೆ ವಕೀಲರ ಆಫೀಸಿಗೆ ಹೋಗಿದ್ದೆ. ಅವರಿಗೆ ಜರ್ಮನ್ ಅಷ್ಟಾಗಿ ಬರಲ್ಲ, ನನಗೆ ಬಿ2 ಮಟ್ಟದ್ದು ಬರುತ್ತೆ, ಹಾಗಾಗಿ ದುಭಾಷಿ ಕೆಲಸ. ಬೆಂಗಳೂರಿನ ನೌಕರಿ ಬಿಟ್ಟು ಗಂಡನ ಜೊತೆ ಇಲ್ಲಿಗೆ ಬಂದವರು ಅವರು. ಟ್ರಾಮ್‌ನಲ್ಲಿ ಹೋಗುವಾಗ, "ಅಕೌಂಟೆಲ್ಲಾ ಅವರ ಹೆಸರಲ್ಲೇ ಇದೆ ಕಣೋ, ನನಗೇನು ಸಿಗುತ್ತೆ? ಸುಮ್ಮನೆ ಫೀಸು ದಂಡ" ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ. ವಕೀಲರು ಒಂದು ಹಾಳೆ ತೆಗೆದು ನಾಲ್ಕು ಅಂಕಿಗೆ ಜಾಗ ಬಿಟ್ಟು ಗೆರೆ ಎಳೆದರು. ಈ ಲೇಖನ ಆ ಹಾಳೆಯ ಬಗ್ಗೆ. ನಾನು ವಕೀಲನಲ್ಲ, ಮೆಕ್ಯಾನಿಕಲ್ ಓದಿದವನು. ಆದರೆ ಲೆಕ್ಕ ಅರ್ಥವಾಯಿತು.

ಮೊದಲ ಪ್ರಶ್ನೆ: ಮದುವೆ ಆಗಿದ್ದು ಮೈಸೂರಿನ ಛತ್ರದಲ್ಲಿ, ಇಬ್ಬರೂ ಭಾರತದ ಪ್ರಜೆಗಳು, ಹಾಗಿದ್ದರೆ ಭಾರತದ ಕಾನೂನು ತಾನೇ? ಆಸ್ತಿಯ ಮಟ್ಟಿಗೆ ಹಾಗೇನಿಲ್ಲ. 2019ರ ಜನವರಿ 29ರಿಂದ ಈಚೆಗೆ ಆದ ಮದುವೆಗಳಿಗೆ ಜರ್ಮನಿಯ ಕೋರ್ಟು ಸಾಮಾನ್ಯವಾಗಿ ನೋಡುವುದು ಮದುವೆಯಾದ ಮೇಲೆ ದಂಪತಿ ಮೊದಲು ಒಟ್ಟಿಗೆ ನೆಲೆಸಿದ ದೇಶ ಯಾವುದು ಅಂತ. ಇದು ಯುರೋಪಿಯನ್ ಒಕ್ಕೂಟದ ನಿಯಮ. ಛತ್ರದಿಂದ ನೇರ ಸ್ಟುಟ್‌ಗಾರ್ಟ್‌ಗೆ ಬಂದು ಸಂಸಾರ ಹೂಡಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಜರ್ಮನ್ ಲೆಕ್ಕವೇ ಅನ್ವಯ. ವೀಸಾ ಸ್ಟಾಂಪ್ ಮಾಡಿಸುವಾಗ ಇದನ್ನು ಯಾರೂ ಹೇಳಲ್ಲ.

ವ್ಯತ್ಯಾಸ ಸಣ್ಣದಲ್ಲ. ನಮ್ಮ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಸಂಸಾರದ ಗಳಿಕೆಯನ್ನು ಭಾಗ ಮಾಡುವ ಸೂತ್ರವೇ ಇಲ್ಲ. ಗಂಡನ ಹೆಸರಿನ ಫ್ಲ್ಯಾಟು ಗಂಡನದೇ. ಹೆಂಡತಿಗೆ ಜೀವನಾಂಶ ಎಷ್ಟು ಅನ್ನುವುದು ನ್ಯಾಯಾಧೀಶರ ವಿವೇಚನೆ. ಸ್ತ್ರೀಧನ ಮಾತ್ರ ಪೂರ್ತಿ ಅವಳದು, ಅದನ್ನು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

ಜರ್ಮನಿಯ ಪದ್ಧತಿಗೆ ತ್ಸುಗೆವಿನ್ ಅಂತ ಹೆಸರು, ಅಂದರೆ ಮದುವೆಯ ಕಾಲದಲ್ಲಿ ಆದ ಗಳಿಕೆ. 1958ರಿಂದ ಇದೆ. "ಅಲ್ಲಿ ಎಲ್ಲಾ ಅರ್ಧರ್ಧ" ಅನ್ನುವುದು ತಪ್ಪು ತಿಳಿವಳಿಕೆ. ಅವರವರ ಆಸ್ತಿ ಅವರವರದೇ, ಅವರವರ ಸಾಲವೂ ಅವರವರದೇ. ಕೊನೆಯಲ್ಲಿ ಇಬ್ಬರ ಗಳಿಕೆ ಹೋಲಿಸಿ, ಹೆಚ್ಚು ಗಳಿಸಿದವರು ವ್ಯತ್ಯಾಸದ ಅರ್ಧವನ್ನು ದುಡ್ಡಿನ ರೂಪದಲ್ಲಿ ಕೊಡಬೇಕು.

ಉದಾಹರಣೆ ನೋಡೋಣ. ಮದುವೆ ದಿನ ಗಂಡನ ಹತ್ತಿರ ಇದ್ದದ್ದು ನಮ್ಮೆಲ್ಲರ ಹತ್ತಿರ ಇರುವುದೇ: ಎಜುಕೇಶನ್ ಲೋನ್, 20,000 ಯೂರೋ. ಕೊನೆಗೆ ಸಾಲ ತೀರಿ ಉಳಿತಾಯ 40,000. ಅವನ ಗಳಿಕೆ 40,000 ಅಲ್ಲ, 60,000. ಸಾಲ ತೀರಿದ್ದೂ ಗಳಿಕೆಯೇ. (2009ರ ತನಕ ಸಾಲವನ್ನು ಸೊನ್ನೆ ಅಂತ ಹಿಡಿಯುತ್ತಿದ್ದರು, ಆಮೇಲೆ ತಿದ್ದಿದರು. ಮೈನಸ್ ಸಂಖ್ಯೆಯನ್ನು ಕಾನೂನು ಒಪ್ಪಲು ಅರ್ಧ ಶತಮಾನ ಬೇಕಾಯಿತು!) ಹೆಂಡತಿಯ ಹತ್ತಿರ ಮೊದಲ ದಿನ ತವರಿನ ಚಿನ್ನ, 10,000 ಯೂರೋ ಬೆಲೆಯದು. ಹಣದುಬ್ಬರ ಸೇರಿಸಿ ಅದನ್ನು 12,000 ಅಂತ ಹಿಡಿಯೋಣ. ಕೊನೆಯಲ್ಲಿ ಅದೇ ಚಿನ್ನ 15,000, ಕೈಯಲ್ಲಿ ನಗದು 1,000. ಗಳಿಕೆ 4,000. ವ್ಯತ್ಯಾಸ 56,000, ಅರ್ಧ ಅಂದರೆ 28,000. ಅಷ್ಟನ್ನು ಅವನು ಅವಳಿಗೆ ಕೊಡಬೇಕು. ಅವಳು ಒಂದು ದಿನವೂ ಸಂಬಳ ತಂದಿರಬೇಕಾಗಿಲ್ಲ.

ಚಿನ್ನದ ವಿಷಯ ಗಮನಿಸಿ. ಮದುವೆಗೆ ತಂದದ್ದು ಭಾಗವಾಗಲ್ಲ, ಆದರೆ ಹಣದುಬ್ಬರವನ್ನೂ ಮೀರಿ ಅದರ ಬೆಲೆ ಏರಿದ್ದು ಗಳಿಕೆಗೆ ಸೇರುತ್ತೆ. ಮದುವೆಯಾದ ಮೇಲೆ ತಂದೆಯಿಂದ ಪಿತ್ರಾರ್ಜಿತವಾಗಿ ಬಂದ ತುಮಕೂರಿನ ಸೈಟಿಗೂ ಇದೇ ನಿಯಮ: ಬಂದ ದಿನದ ಬೆಲೆಯನ್ನು ಆರಂಭದ ಆಸ್ತಿಗೆ ಕೂಡಿಸುತ್ತಾರೆ. ಊರಲ್ಲಿರೋದನ್ನ ಇಲ್ಲಿ ತೋರಿಸಬೇಕಾ ಅಂದರೆ, ಹೌದು, ತೋರಿಸಬೇಕು.

ಕಷ್ಟ ಇರುವುದು ಪುರಾವೆಯಲ್ಲಿ. ಮದುವೆ ಸಮಯದಲ್ಲಿ ಯಾರ ಹತ್ತಿರ ಏನಿತ್ತು ಅಂತ ಇಬ್ಬರೂ ಸೇರಿ ಪಟ್ಟಿ ಮಾಡಿರದಿದ್ದರೆ, ಆರಂಭದಲ್ಲಿ ಏನೂ ಇರಲಿಲ್ಲ ಅಂತಲೇ ಕಾನೂನು ಊಹಿಸುತ್ತೆ. ಇತ್ತು ಅನ್ನುವವರೇ ತೋರಿಸಬೇಕು. ಅಕ್ಕನ ಹತ್ತಿರ ಒಂದು ಕಾಗದವೂ ಇರಲಿಲ್ಲ. ಆಫೀಸಿನಿಂದಲೇ ಅವರಮ್ಮನಿಗೆ ಫೋನ್ ಮಾಡಿದರು. ಬೀರುವಿನಲ್ಲಿ ಸೀರೆ ಮಡಿಕೆಯೊಳಗಿದ್ದ ಒಡವೆ ಅಂಗಡಿಯ ಬಿಲ್ಲುಗಳು ಸಂಜೆಯೊಳಗೆ ವಾಟ್ಸಾಪಿನಲ್ಲಿ ಬಂದವು. ನೀವು ಮದುವೆಯಾಗುವ ತಿಂಗಳಿನ ಬ್ಯಾಂಕ್ ಸ್ಟೇಟ್‌ಮೆಂಟು, ಲೋನ್ ಬಾಕಿಯ ಪತ್ರ, ಒಡವೆಯ ಬಿಲ್ಲು ಮೂರನ್ನೂ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಇದರಲ್ಲಿ ಅಪಶಕುನ ಏನೂ ಇಲ್ಲ.

ಕೊನೆಯ ಲೆಕ್ಕದ ದಿನ ಅಂದರೆ ವಿಚ್ಛೇದನದ ಅರ್ಜಿ ಇನ್ನೊಬ್ಬರ ಕೈಗೆ ಅಧಿಕೃತವಾಗಿ ತಲುಪಿದ ದಿನ. ಆದರೆ ಅದಕ್ಕೂ ಮೊದಲು, ಸಾಮಾನ್ಯವಾಗಿ ಒಂದು ವರ್ಷ ಬೇರೆ ಇರಬೇಕು. ಆ ವರ್ಷದಲ್ಲಿ ದುಡ್ಡು ಎಲ್ಲಿಗೋ ಜಾರಿದರೆ? ಅದಕ್ಕೇ ಬೇರೆಯಾದ ದಿನ ಏನೇನಿತ್ತು ಅನ್ನುವ ಮಾಹಿತಿಯನ್ನೂ ಕೇಳುವ ಹಕ್ಕಿದೆ. ಆ ತಾರೀಖನ್ನು ಬರೆದಿಟ್ಟುಕೊಳ್ಳಿ ಅಂತ ವಕೀಲರು ಎರಡು ಸಲ ಹೇಳಿದರು.

ಪಿಂಚಣಿ ಬೇರೆ ಲೆಕ್ಕ. ಜರ್ಮನ್ ಕಾನೂನಿನಡಿ ವಿಚ್ಛೇದನವಾದರೆ ಅದನ್ನು ಕೋರ್ಟೇ ಹಂಚುತ್ತೆ. ಮದುವೆ 3 ವರ್ಷಕ್ಕಿಂತ ಕಡಿಮೆಯದಾದರೆ ಮಾತ್ರ ಅರ್ಜಿ ಹಾಕಿ ಕೇಳಬೇಕು. ಗಳಿಕೆಯ ಪಾಲು ಹಾಗಲ್ಲ, ಕೇಳದಿದ್ದರೆ ಯಾರೂ ಕೊಡಲ್ಲ. 3 ವರ್ಷದ ಗಡುವೂ ಇದೆ.

ಫೀಸಿನ ಭಯದ ಬಗ್ಗೆ: ಆದಾಯ ಕಡಿಮೆ ಇದ್ದರೆ ಸ್ಥಳೀಯ ಕೋರ್ಟು, ಅಂದರೆ ಆಮ್ಟ್ಸ್‌ಗೆರಿಖ್ಟ್‌ನಲ್ಲಿ, ಕಾನೂನು ಸಲಹೆಗೆ ಒಂದು ಚೀಟಿ ಕೊಡುತ್ತಾರೆ. ಅದು ಸಿಕ್ಕರೆ ಸಲಹೆಗೆ ವಕೀಲರು ನಿಮ್ಮಿಂದ ತೆಗೆದುಕೊಳ್ಳಬಹುದಾದದ್ದು 15 ಯೂರೋ ಮಾತ್ರ. ಅಕ್ಕ ಕೊಟ್ಟಿದ್ದೂ ಅಷ್ಟೇ.