ನವೋದಯದ ಅಂಕ: ಕೇಳುವ ಹಕ್ಕು, ಓದುವ ಬಗೆ

ಜವಾಹರ ನವೋದಯ ವಿದ್ಯಾಲಯದ ಆರನೇ ತರಗತಿ ಪ್ರವೇಶ ಪರೀಕ್ಷೆಯ ಫಲಿತಾಂಶ ಬಂದಾಗ ತಂದೆ ತಾಯಿಗೆ ಸಾಮಾನ್ಯವಾಗಿ ಕಾಣುವುದು ಒಂದೇ ಸಾಲು. ಆಯ್ಕೆಯಾಗಿದೆ, ಇಲ್ಲವೇ ಆಗಿಲ್ಲ. ಎಷ್ಟು ಅಂಕ ಬಂತು, ಎಷ್ಟರಲ್ಲಿ ತಪ್ಪಿತು ಎಂಬುದು ಅಲ್ಲಿ ಇರುವುದಿಲ್ಲ. ಆಮೇಲೆ ಊಹೆಗಳದ್ದೇ ರಾಜ್ಯ. ಕೋಚಿಂಗ್‌ನವರು ಒಂದು ಕಟ್‌ಆಫ್ ಹೇಳುತ್ತಾರೆ, ಊರಿನವರು ಇನ್ನೊಂದು ಹೇಳುತ್ತಾರೆ. ಕಡಿಮೆ ಬರೆದು ಬಂದ ಪಕ್ಕದೂರಿನ ಹುಡುಗನಿಗೆ ಸೀಟು ಸಿಕ್ಕಿತು ಎಂದು ಗೊತ್ತಾದರೆ ‘ಯಾರನ್ನೋ ಹಿಡಿದಿರಬೇಕು’ ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಹಿಡಿಯುವುದು ಬಿಡುವುದು ಹಾಗಿರಲಿ. ಹೆಚ್ಚಿನ ಪಾಲಕರಿಗೆ ತಮ್ಮ ಮಗು ಯಾವ ಸಾಲಿನಲ್ಲಿ ನಿಂತಿತ್ತು ಎಂಬುದೇ ಗೊತ್ತಿರುವುದಿಲ್ಲ. ಅದು ಗೊತ್ತಿಲ್ಲದೆ ಅಂಕ ಕೈಗೆ ಬಂದರೂ ಪ್ರಯೋಜನವಿಲ್ಲ.

ಮೊದಲು ಅಂಕದ ಲೆಕ್ಕ ನೋಡೋಣ. ಎರಡು ಗಂಟೆಯ ಪರೀಕ್ಷೆ, 80 ಪ್ರಶ್ನೆ, 100 ಅಂಕ. ಬೌದ್ಧಿಕ ಸಾಮರ್ಥ್ಯಕ್ಕೆ 40 ಪ್ರಶ್ನೆ, 50 ಅಂಕ. ಗಣಿತಕ್ಕೆ 20 ಪ್ರಶ್ನೆ, 25 ಅಂಕ, ಭಾಷೆಗೂ ಅಷ್ಟೇ. ಒಂದು ಸರಿ ಉತ್ತರಕ್ಕೆ ಒಂದೂಕಾಲು ಅಂಕ, ತಪ್ಪಿಗೆ ಕಡಿತವಿಲ್ಲ. 87.5 ಬಂದಿದೆ ಎಂದರೆ 70 ಉತ್ತರ ಸರಿ. ಇಲ್ಲಿ ‘ಪಾಸು’ ಎಂಬ ಗೆರೆಯನ್ನು ಹುಡುಕಬೇಡಿ. ಒಂದು ವಿದ್ಯಾಲಯದಲ್ಲಿ ಹೆಚ್ಚೆಂದರೆ 80 ಸೀಟು, ಅವು ಆ ಜಿಲ್ಲೆಯ ಮಕ್ಕಳಿಗೆ. ಕೊನೆಯ ಸೀಟು ಎಷ್ಟು ಅಂಕಕ್ಕೆ ಹೋಯಿತೋ ಅದೇ ಕಟ್‌ಆಫ್. ಜಿಲ್ಲೆ ಬದಲಾದರೆ ಅದೂ ಬದಲಾಗುತ್ತದೆ, ವರ್ಷ ಬದಲಾದರೂ ಬದಲಾಗುತ್ತದೆ. ಬೀದರಿನ ಅಂಕ ತಂದು ಮಂಡ್ಯದವರು ಹೋಲಿಸಿದರೆ ಏನೂ ತಿಳಿಯದು.

ಒಂದೇ ಜಿಲ್ಲೆಯೊಳಗೂ ಸಾಲುಗಳು ಹಲವು. ಕನಿಷ್ಠ ಶೇ 75 ಸೀಟು ಗ್ರಾಮೀಣ ಮಕ್ಕಳಿಗೆ. ಉಳಿದವು ನಗರ, ಗ್ರಾಮೀಣ ಎಂಬ ಭೇದವಿಲ್ಲದೆ ಮೆರಿಟ್ ಮೇಲೆ. ಒಟ್ಟು ಸೀಟಿನಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಂಗವಿಕಲ ಮಕ್ಕಳ ಮೀಸಲಾತಿ ಬೇರೆ. ಆದ್ದರಿಂದ ನಗರದ ಹುಡುಗನಿಗಿಂತ ಕಡಿಮೆ ಅಂಕ ಪಡೆದ ಹಳ್ಳಿಯ ಹುಡುಗಿಗೆ ಸೀಟು ಸಿಗುವುದು ಅಕ್ರಮವಲ್ಲ, ನಿಯಮವೇ ಹಾಗಿದೆ.

ಇಲ್ಲಿ ಎರಡು ಕಡೆ ಪಾಲಕರು ಎಡವುತ್ತಾರೆ. ಮೊದಲನೆಯದು ‘ಗ್ರಾಮೀಣ’ ಎಂಬುದರ ಅರ್ಥ. ನಿಮ್ಮ ಮನೆ, ಹೊಲ, ಪಡಿತರ ಚೀಟಿ ಎಲ್ಲಿದೆ ಎಂಬುದರಿಂದ ಅದು ನಿರ್ಧಾರವಾಗುವುದಿಲ್ಲ. ಮಗು 3, 4, 5ನೇ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಆ ಮೂರು ವರ್ಷಗಳಲ್ಲಿ ಒಂದು ದಿನ ನಗರ ಪ್ರದೇಶದ ಶಾಲೆಯಲ್ಲಿ ಓದಿದ್ದರೂ ನಗರದ ಅಭ್ಯರ್ಥಿ ಎಂದೇ ಲೆಕ್ಕ. ಹಳ್ಳಿಯಿಂದ ದಿನಾ ವ್ಯಾನಿನಲ್ಲಿ ಪಟ್ಟಣದ ಕಾನ್ವೆಂಟಿಗೆ ಹೋಗುವ ಮಗು ಈ ಲೆಕ್ಕದಲ್ಲಿ ನಗರದ್ದು. ಗ್ರಾಮ ಪಂಚಾಯಿತಿ ಪಟ್ಟಣ ಪಂಚಾಯಿತಿಯಾಗಿ ಮೇಲ್ದರ್ಜೆಗೇರಿದ ಊರುಗಳಲ್ಲಿ ಇನ್ನಷ್ಟು ಎಚ್ಚರ ಬೇಕು. ಸರ್ಕಾರಿ ಅಧಿಸೂಚನೆಯಲ್ಲಿ ಆ ಊರು ಏನಾಗಿದೆ ಎಂಬುದೇ ನಿರ್ಣಾಯಕ.

ಎರಡನೆಯದು ಜಾತಿ ಪ್ರಮಾಣಪತ್ರ. ನಾಡಕಚೇರಿಯಿಂದ ತಂದ ಪ್ರವರ್ಗ 2ಎ ಅಥವಾ 3ಬಿ ಪ್ರಮಾಣಪತ್ರ ರಾಜ್ಯದ ಪಟ್ಟಿಗೆ ಸೇರಿದ್ದು. ನವೋದಯ ಕೇಂದ್ರದ ಸಂಸ್ಥೆ. ಅದಕ್ಕೆ ಬೇಕಾದುದು ಕೇಂದ್ರ ಸರ್ಕಾರದ ಹಿಂದುಳಿದ ವರ್ಗಗಳ ಪಟ್ಟಿ ಮತ್ತು ಕೇಂದ್ರದ ನಮೂನೆಯ ಪ್ರಮಾಣಪತ್ರ. ರಾಜ್ಯದ ಪಟ್ಟಿಯಲ್ಲಿರುವ ಕೆಲವು ಸಮುದಾಯಗಳು ಕೇಂದ್ರದ ಪಟ್ಟಿಯಲ್ಲಿ ಇಲ್ಲ. ಆಯ್ಕೆಯಾದ ಮೇಲೆ ದಾಖಲೆ ಪರಿಶೀಲನೆಯ ಮೇಜಿನ ಮುಂದೆ ಇದು ಗೊತ್ತಾದರೆ ಯಾವ ಕಾನೂನೂ ಕಾಪಾಡಲಾರದು. ಮೊದಲ ಪಟ್ಟಿಯ ಆಯ್ಕೆ ತಾತ್ಕಾಲಿಕ. ಪರಿಶೀಲನೆ ಮುಗಿಯುವ ತನಕ ಈಗಿನ ಶಾಲೆಯಿಂದ ಟಿ.ಸಿ. ತೆಗೆಸಬೇಡಿ.

ಇಷ್ಟು ತಿಳಿದ ಮೇಲೂ ಅಂಕ ನೋಡಲೇಬೇಕು ಎನ್ನಿಸಿದರೆ ದಾರಿ ಇರುವುದು ಮಾಹಿತಿ ಹಕ್ಕು ಕಾಯ್ದೆ, 2005ರಲ್ಲಿ. ಅಧಿಕಾರಿಗಳು ‘ಮರುಎಣಿಕೆಗೆ ಅವಕಾಶವಿಲ್ಲ’ ಎಂದು ಕೈತೊಳೆದುಕೊಳ್ಳುವುದುಂಟು. ಆದರೆ ಮರುಮೌಲ್ಯಮಾಪನ ಬೇರೆ, ಉತ್ತರ ಪತ್ರಿಕೆ ನೋಡುವುದು ಬೇರೆ. ಸಿಬಿಎಸ್‌ಇ ವಿರುದ್ಧ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಆಗಸ್ಟ್ 9ರಂದು ಈ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ. ಮೌಲ್ಯಮಾಪನಗೊಂಡ ಉತ್ತರ ಪತ್ರಿಕೆ ಕಾಯ್ದೆಯ ಅರ್ಥದಲ್ಲಿ ‘ಮಾಹಿತಿ’. ಬರೆದವರಿಗೆ ಅದನ್ನು ನೋಡುವ, ಪ್ರತಿ ಪಡೆಯುವ ಹಕ್ಕಿದೆ. ಮತ್ತೆ ಮೌಲ್ಯಮಾಪನ ಮಾಡಿ ಎಂದು ಕೇಳುವ ಹಕ್ಕು ಮಾತ್ರ ಅದರಿಂದ ಹುಟ್ಟುವುದಿಲ್ಲ. ಅದೇ ತೀರ್ಪಿನ ಇನ್ನೊಂದು ಮಾತು ಪಾಲಕರಿಗೆ ಬಹಳ ಮುಖ್ಯ. ಸಂಸ್ಥೆ ಉತ್ತರ ಪತ್ರಿಕೆಯನ್ನು ಕಾದಿಡುವ ಅವಧಿ ಎಷ್ಟೋ, ಈ ಹಕ್ಕಿನ ಆಯುಸ್ಸೂ ಅಷ್ಟೇ. ಒಎಂಆರ್ ಹಾಳೆ ನಾಶವಾದ ಮೇಲೆ ಕೇಳಿ ಫಲವಿಲ್ಲ. ಫಲಿತಾಂಶ ಬಂದ ವಾರದಲ್ಲೇ ಅರ್ಜಿ ಹಾಕಿ.

ಅಧಿಕಾರಿ 2018ರ ಅಂಗೇಶ್ ಕುಮಾರ್ ತೀರ್ಪನ್ನು ಮುಂದಿಡಬಹುದು. ನಾಗರಿಕ ಸೇವಾ ಪರೀಕ್ಷೆಯ ಅಂಕಗಳನ್ನು ಯಾಂತ್ರಿಕವಾಗಿ ಬಹಿರಂಗಪಡಿಸಲಾಗದು ಎಂದು ಅದರಲ್ಲಿ ಹೇಳಿರುವುದು ನಿಜ. ಲೋಕಸೇವಾ ಆಯೋಗದ ಬಹುಹಂತದ ಪರೀಕ್ಷೆಗೆ ಹೇಳಿದ ಮಾತನ್ನು ಹತ್ತು ವರ್ಷದ ಮಗುವಿನ ಒಎಂಆರ್ ಹಾಳೆಗೆ ಹಚ್ಚುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಮೇಲ್ಮನವಿಯಲ್ಲಿ ಈ ವ್ಯತ್ಯಾಸವನ್ನೇ ಬರೆಯಿರಿ.

ಅರ್ಜಿಯನ್ನು ನವೋದಯ ವಿದ್ಯಾಲಯ ಸಮಿತಿಯ ಕೇಂದ್ರ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಬೇಕು. ಕರ್ನಾಟಕ ಸೇರುವುದು ಸಮಿತಿಯ ಹೈದರಾಬಾದ್ ಪ್ರಾದೇಶಿಕ ಕಚೇರಿಗೆ. ಅಂಚೆಯಲ್ಲಾದರೂ ಸರಿ, ಕೇಂದ್ರದ ಆರ್‌ಟಿಐ ಆನ್‌ಲೈನ್ ಪೋರ್ಟಲ್‌ನಲ್ಲಾದರೂ ಸರಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕಾರಣ ಹೇಳಬೇಕಿಲ್ಲ. ಮಾಹಿತಿ ಬೇರೊಂದು ಪ್ರಾಧಿಕಾರದ ಬಳಿ ಇದ್ದರೆ ಅರ್ಜಿಯನ್ನು 5 ದಿನಗಳೊಳಗೆ ಅಲ್ಲಿಗೆ ವರ್ಗಾಯಿಸುವ ಹೊಣೆ ಅವರದೇ. ಪಾಲಕರ ಹೆಸರಿನಲ್ಲಿ ಬರೆದು, ಮಗುವಿನ ಪ್ರವೇಶ ಪತ್ರದ ಪ್ರತಿ ಮತ್ತು ಸಂಬಂಧ ತೋರಿಸುವ ಒಂದು ದಾಖಲೆ ಲಗತ್ತಿಸಿ.

ಕೇಳುವ ರೀತಿಯಲ್ಲೇ ಅರ್ಧ ಕೆಲಸ ಇದೆ. ‘ನನ್ನ ಮಗಳಿಗೆ ಸೀಟು ಏಕೆ ಕೊಡಲಿಲ್ಲ’ ಎಂದು ಬರೆದರೆ ಅರ್ಜಿ ಸತ್ತಂತೆ. ಕಡತದಲ್ಲಿ ಇರುವುದನ್ನು ಕೊಡಬೇಕೇ ಹೊರತು ವಿವರಣೆ ಸೃಷ್ಟಿಸಿ ಕೊಡಬೇಕೆಂದು ಕಾಯ್ದೆ ಹೇಳುವುದಿಲ್ಲ. ಹೀಗೆ ಬರೆಯಿರಿ: ‘ಕ್ರಮಸಂಖ್ಯೆ ಇಂಥದ್ದರ ಅಭ್ಯರ್ಥಿ ಮೂರು ವಿಭಾಗಗಳಲ್ಲಿ ಪಡೆದ ಅಂಕ, ಆಕೆಯ ಒಎಂಆರ್ ಹಾಳೆಯ ಪ್ರತಿ, ಆ ಪ್ರಶ್ನೆಪತ್ರಿಕೆ ಸರಣಿಯ ಅಂತಿಮ ಕೀ ಉತ್ತರ, ಆಕೆಯನ್ನು ಗ್ರಾಮೀಣ ಅಥವಾ ನಗರ, ಮತ್ತು ಯಾವ ವರ್ಗದಲ್ಲಿ ಪರಿಗಣಿಸಲಾಗಿದೆ ಎಂಬ ದಾಖಲೆ, ಜಿಲ್ಲೆಯಲ್ಲಿ ಪ್ರತಿ ವರ್ಗದಲ್ಲಿ ಕೊನೆಯದಾಗಿ ಆಯ್ಕೆಯಾದ ಅಭ್ಯರ್ಥಿಯ ಅಂಕ, ಹೆಸರಿಲ್ಲದೆ.’ ಕೊನೆಯ ಎರಡು ಅಂಶಗಳೇ ಅರ್ಜಿಯ ಜೀವ. ಮಗುವನ್ನು ತಪ್ಪು ಸಾಲಿಗೆ ಹಾಕಿದ್ದರೆ ಬಯಲಾಗುವುದು ಅಲ್ಲೇ. ಬೇರೆ ಮಕ್ಕಳ ಹೆಸರು ಹಿಡಿದು ಅಂಕ ಕೇಳಬೇಡಿ. ವೈಯಕ್ತಿಕ ಮಾಹಿತಿ ಎಂದು 8(1)(ಜೆ) ಕಲಮಿನಡಿ ತಳ್ಳಿಹಾಕುತ್ತಾರೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿದ್ದುಪಡಿ ಅದನ್ನು ಇನ್ನೂ ಬಿಗಿ ಮಾಡಿದೆ.

ಉತ್ತರಕ್ಕೆ 30 ದಿನ ಗಡುವು. ಮೌನವಾಗಿದ್ದರೆ ನಿರಾಕರಿಸಿದಂತೆಯೇ. ಆಗಿನಿಂದ 30 ದಿನಗಳೊಳಗೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ, ಅಲ್ಲೂ ಆಗದಿದ್ದರೆ 90 ದಿನಗಳೊಳಗೆ ಕೇಂದ್ರ ಮಾಹಿತಿ ಆಯೋಗಕ್ಕೆ ಹೋಗಬಹುದು. ಸಕಾರಣವಿಲ್ಲದೆ ತಡೆಹಿಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಬೀಳಬಹುದು. ಆದರೆ ಎರಡನೇ ಮೇಲ್ಮನವಿಯ ಹೊತ್ತಿಗೆ ಶಾಲೆ ಶುರುವಾಗಿ ತಿಂಗಳುಗಳೇ ಕಳೆದಿರುತ್ತವೆ ಎಂಬುದನ್ನು ಮರೆಯಬಾರದು.

ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಮುಂತಾದ ರಾಜ್ಯದ ವಸತಿ ಶಾಲೆಗಳ ಪರೀಕ್ಷೆ ಬರೆದವರಿಗೂ ಹಕ್ಕು ಇದೇ; ಮೇಲ್ಮನವಿ ಮಾತ್ರ ಕರ್ನಾಟಕ ಮಾಹಿತಿ ಆಯೋಗಕ್ಕೆ. ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಕಥೆ ಬರೆಯುವ ಅಭ್ಯಾಸವಿದ್ದವರ ಅರ್ಜಿ ವಾಪಸು ಬರುವುದು ಇಲ್ಲಿಯೇ. ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆದಿದ್ದರೆ ಆ ಅವಧಿಯೊಳಗೇ ಪಠ್ಯಪುಸ್ತಕದ ಪುಟ ತೋರಿಸಿ ಆಕ್ಷೇಪಿಸಿ.

ಇನ್ನು, ಇಂಥ ಪರೀಕ್ಷೆ ಎಲ್ಲ ಶಾಲೆಯೂ ಮಾಡುವಂಥದ್ದಲ್ಲ. ನಿಮ್ಮ ಪಟ್ಟಣದ ಸಾಮಾನ್ಯ ಖಾಸಗಿ ಶಾಲೆ ಆರನೇ ತರಗತಿಗೆ ಸೇರಿಸಲು ಮಗುವಿಗೆ ಪ್ರವೇಶ ಪರೀಕ್ಷೆ, ನಿಮಗೆ ಸಂದರ್ಶನ ಇಟ್ಟರೆ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ನೆನಪಿಸಿ. ಮೊದಲ ಸಲಕ್ಕೆ 25,000 ರೂಪಾಯಿವರೆಗೆ, ಆಮೇಲಿನ ಪ್ರತಿ ಸಲಕ್ಕೆ 50,000 ರೂಪಾಯಿವರೆಗೆ ದಂಡವಿದೆ. ದೂರನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರಹದಲ್ಲಿ ಕೊಡಿ.

ಮತ್ತೆ ನವೋದಯದ ಮಾತಿಗೆ ಬಂದರೆ, ಒಎಂಆರ್ ಮತ್ತು ಕೀ ಉತ್ತರ ಹೋಲಿಸಿದಾಗ ಎಣಿಕೆಯೇ ತಪ್ಪಿದೆ, ಅಥವಾ ಗ್ರಾಮೀಣ ಮಗುವನ್ನು ನಗರದ ಪಟ್ಟಿಗೆ ಹಾಕಿದ್ದಾರೆ ಎಂದು ಕಂಡರೆ ಮೊದಲು ಪ್ರಾದೇಶಿಕ ಕಚೇರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಫಲ ಕಾಣದಿದ್ದರೆ ಹೈಕೋರ್ಟಿನಲ್ಲಿ 226ನೇ ವಿಧಿಯಡಿ ರಿಟ್ ಅರ್ಜಿ. ಇಲ್ಲಿ ಸುಮ್ಮನೆ ಆಸೆ ಹುಟ್ಟಿಸಲಾರೆ. ಕೀ ಉತ್ತರವೇ ತಪ್ಪು ಎಂಬ ವಾದ ಗೆಲ್ಲುವುದು ಅಪರೂಪ; ಸಂದೇಹವಿದ್ದರೆ ಲಾಭ ಪರೀಕ್ಷಾ ಸಂಸ್ಥೆಗೇ ಎಂದು ಸುಪ್ರೀಂ ಕೋರ್ಟ್ 2017ರ ರಣ್ ವಿಜಯ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ತಪ್ಪು ವರ್ಗಕ್ಕೆ ಸೇರಿಸಿದ್ದು ಮಾತ್ರ ದಾಖಲೆಯಿಂದಲೇ ಸಾಬೀತಾಗುವ ಸಂಗತಿ, ಅದರಲ್ಲಿ ಬಲವಿದೆ.

ವಕೀಲರ ಶುಲ್ಕದ ಚಿಂತೆಯಿದ್ದರೆ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ 12ನೇ ಕಲಂ ನೋಡಿ. ಮಕ್ಕಳಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ತಂದೆಯ ಆದಾಯ ಎಷ್ಟು ಎಂಬ ಪ್ರಶ್ನೆ ಬರುವುದಿಲ್ಲ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವೆಗಳ ಸಮಿತಿ ಇರುತ್ತದೆ, ಸಹಾಯವಾಣಿ 15100. ಮತ್ತೆ ಪ್ರಯತ್ನಿಸೋಣ ಎಂದರೆ, ಆರನೇ ತರಗತಿಯ ನವೋದಯ ಪರೀಕ್ಷೆಯನ್ನು ಮಗು ಎರಡನೇ ಸಲ ಬರೆಯುವಂತಿಲ್ಲ. ಆದರೆ ಖಾಲಿ ಸೀಟುಗಳಿಗೆ ಒಂಬತ್ತನೇ ತರಗತಿಗೆ ನಡೆಯುವ ಪರೀಕ್ಷೆ ಬೇರೆಯದು, ಅದಕ್ಕೆ ಈ ಅಡ್ಡಿ ಇಲ್ಲ.